ಕೆರೆಗೋಡು ಮತ್ತು ತ್ರೋಬಾಲ್ ಕೋರ್ಟು

ಮೂಗಿನ ತುದಿಯಲ್ಲೇ ಕೋಪ ಇರುವವರು ಸರ್ವೇಯರ್ ಕೆಲಸಕ್ಕೆ ಸೇರಬಾರದು. ನಾನು ಸೇರಿದೆ. ಅರಸೀಕೆರೆ ತಾಲ್ಲೂಕಿನ ಬದುಗಳ ಮೇಲೆ, ಅಣ್ಣತಮ್ಮಂದಿರ ಜಗಳಗಳ ನಡುವೆ ಅಳತೆಯ ಸರಪಳಿ ಹಿಡಿದುಕೊಂಡೇ ರಿಟೈರಾದೆ. ಹಾಗಾಗಿ ನೆಲದ ವಿಷಯದಲ್ಲಿ ಯಾರಾದರೂ ನನಗೆ ಪಾಠ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ಬಾಣಾವರದ ನಮ್ಮ ಮನೆಯ ಹಿತ್ತಲಲ್ಲಿ ತ್ರೋಬಾಲ್ ಕೋರ್ಟು ಮಾಡಿಸಲು ಹೊರಟಾಗಲೂ ಆದದ್ದು ಅದೇ.

ಕೋರ್ಟು ಬೇಕಾಗಿದ್ದದ್ದು ನನ್ನ ಹೆಂಡತಿಗೆ. ಮದುವೆಗೆ ಮುಂಚೆ ಅವಳು ಕಾಲೇಜು ತಂಡದ ಕ್ಯಾಪ್ಟನ್. ಮದುವೆಯಾದ ಮೇಲೆ ಚೆಂಡು ಮುಟ್ಟಿರಲಿಲ್ಲ. ಐವತ್ತು ದಾಟಿ, ಮಗಳ ಮದುವೆ ಮುಗಿಸಿ ಉಸಿರು ಬಿಟ್ಟ ಮೇಲೆ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಶಾಲೆಯ ಮೈದಾನದಲ್ಲಿ ಮತ್ತೆ ಶುರು ಮಾಡಿದಳು. ನಾನೋ, ಮೊದಲು ಕೆಲಸ, ರಿಟೈರಾದ ಮೇಲೆ ಪೇಪರು, ಮಧ್ಯಾಹ್ನದ ನಿದ್ದೆ. ಅವಳು ಆಡುವುದನ್ನು ಒಂದು ದಿನವೂ ಹೋಗಿ ನೋಡಿದವನಲ್ಲ.

ವರ್ಷ ತುಂಬುವುದರೊಳಗೆ ಅವಳ ಮಂಡಿ ಊದಿತು. ಹಾಸನದ ಡಾಕ್ಟರು ಎಕ್ಸ್‌-ರೇ ಬೆಳಕಿಗೆ ಹಿಡಿದು, "ಗಟ್ಟಿ ನೆಲದ ಮೇಲೆ ಇನ್ನು ಜಿಗಿಯೋ ಹಾಗಿಲ್ಲಮ್ಮ. ಮೆತ್ತಗಿರೋ ನೆಲವಾದ್ರೆ ಎರಡು ಮೂರು ವರ್ಷ ಆಡಬಹುದು, ಅಷ್ಟೇ" ಎಂದರು. ವಾಪಸು ಬರುವಾಗ ಅರಸೀಕೆರೆ ಸ್ಟ್ಯಾಂಡಿನಲ್ಲಿ ಬಸ್ಸಿಳಿಯುತ್ತಾ ಅವಳು, "ಮೂರು ಅಂತಲೇ ಇಟ್ಕೊಳ್ಳೋಣ ಕಣ್ರೀ" ಎಂದಳು.

ಹಿತ್ತಲು ಖಾಲಿ ಬಿದ್ದಿತ್ತು. ಅದರದು ಅಪ್ಪಟ ಜೇಡಿಮಣ್ಣು. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ, ಮಳೆಗಾಲದಲ್ಲಿ ಒಳಗೆ ಹೋದ ಚಪ್ಪಲಿ ಹೊರಗೆ ಬರುವುದಿಲ್ಲ. ಅದರ ಮೇಲೆ ಈಗ ಎಲ್ಲ ಕಡೆ ಹಾಸುತ್ತಾರಲ್ಲ, ಆ ಪ್ಲಾಸ್ಟಿಕ್ ಹುಲ್ಲಿನ ಟರ್ಫ್, ಅದನ್ನು ಹಾಸಿಸುವುದೆಂದು ತೀರ್ಮಾನಿಸಿದೆ. ಹಗರೆ ಊರಿನವರೊಬ್ಬರು ಆ ಕೆಲಸ ಮಾಡುತ್ತಾರೆಂದು ತಿಳಿಯಿತು. ಮೊದಲು ಹಸು ಕಟ್ಟುವ ಶೆಡ್ಡುಗಳಿಗೆ ರಬ್ಬರ್ ಮ್ಯಾಟ್ ಹಾಕುತ್ತಿದ್ದರಂತೆ. "ದನಕ್ಕೆ ಹಾಸ್ತಿದ್ದೋರು ಈಗ ನನಗೆ ಹಾಸ್ತಾರೆ, ಒಳ್ಳೇದಾಯ್ತು ಬಿಡಿ" ಎಂದು ಹೆಂಡತಿ ನಕ್ಕಳು.

ಹಗರೆಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಎರಡು ವಾರ ಬಿಟ್ಟು ಬತ್ತೀನಿ ಸಾರ್. ಅಲ್ಲೀಗಂಟ ಏನೂ ಮುಟ್ಬೇಡಿ. ಅಡಿ ಮಣ್ಣು ನೋಡ್ಬೇಕು."

ಅಡಿ ಮಣ್ಣು! ಊರೂರಿನ ಜಮೀನು ಅಳೆದವನಿಗೆ! ನನ್ನ ಹಿತ್ತಲಿನ ಮಣ್ಣು ನೋಡಲು ಹಗರೆಯಿಂದ ಜನ ಬರಬೇಕೇ?

ಅದೇ ವಾರ ಹೆಂಡತಿ ಹುಲಿಕೆರೆಗೆ, ತನ್ನ ಅಣ್ಣನ ಮನೆಗೆ ಹೋದಳು. ಅದೇ ವಾರ ನಮ್ಮ ಕಡೆಯ ಕೆರೆಯಲ್ಲಿ ಹೂಳು ತೆಗೆಸುತ್ತಿದ್ದರು. ಕೆರೆಯ ತಳದ ಆ ಕಪ್ಪು ಮಣ್ಣಿಗೆ ಕೆರೆಗೋಡು ಎನ್ನುತ್ತೇವೆ. ನಮ್ಮಪ್ಪ ರಾಗಿ ಹೊಲಕ್ಕೆ, ತೆಂಗಿನ ಬುಡಕ್ಕೆ ಗೋಡು ಹೊಡೆಸದ ಬೇಸಿಗೆಯೇ ಇರಲಿಲ್ಲ. ಒಳ್ಳೆಯ ಮಣ್ಣೆಂದರೆ ನನ್ನ ತಲೆಯಲ್ಲಿ ಕೂತಿರುವುದು ಅದೊಂದೇ. ತಡ ಮಾಡದೆ ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ತರಿಸಿ ತಗ್ಗೆಲ್ಲ ತುಂಬಿಸಿ, ಅರವತ್ತಡಿ ಉದ್ದ ನಲವತ್ತಡಿ ಅಗಲಕ್ಕೆ ದಾರ ಕಟ್ಟಿ, ರೋಲರ್ ಹೊಡೆಸಿದೆ. ಒಂದಂಗುಲ ಆಚೀಚೆ ಇಲ್ಲ. ಮೀಸೆ ತಿರುವಿಕೊಂಡು ಹೆಂಡತಿಯ ದಾರಿ ಕಾದೆ.

ಬಂದವಳು ಹಿತ್ತಲ ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡೇ ನಿಂತಳು.

"ಇಲ್ಲೇನ್ರೀ, ರಾಗಿ ಬಿತ್ತೀರಾ?"

"ನಿನಗೇನೇ ಗೊತ್ತು? ಬೆಣ್ಣೆ ಇದ್ದ ಹಾಗಿದೆ, ನೋಡು ಮುಟ್ಟಿ!"

ಹಗರೆಯವರೂ ಬಂದರು. ಅವರು ಮುಟ್ಟಿಯೇ ನೋಡಿದರು. ಒಂದು ಹೆಂಟೆ ಎತ್ತಿ, ಚೊಂಬಿನ ನೀರು ಹಾಕಿ ಕಲಸಿ, ಅಂಗೈಯಲ್ಲಿ ಚಕ್ಕುಲಿ ಹುರಿಯಂತೆ ಹೊಸೆದು ಬೆರಳಿಗೆ ಸುತ್ತಿದರು. ಎಲ್ಲೂ ಬಿರಿಯಲಿಲ್ಲ.

"ಸಾರ್, ಇದ್ರಲ್ಲಿ ಮಡಕೆ ಮಾಡ್ಬೋದು. ತೆಂಗು ಹಾಕಿದ್ರೆ ಚಿನ್ನದಂಥಾ ಬೆಳೆ ಬತ್ತದೆ. ಟರ್ಫ್ ಹಾಕಂಗಿಲ್ಲ. ಮೊದ್ಲೇ ಜೇಡಿ ಇತ್ತು, ಅದ್ರ ಮ್ಯಾಲೆ ಇನ್ನಷ್ಟು ಜೇಡಿ ತಂದು ಸುರ್ದಿದೀರಿ. ನೀರು ಇಳಿಯೋಕೆ ದಾರಿ ಎಲ್ಲೈತೆ?"

"ನನಗೆ ಭೂಮಿ ವಿಷಯ ಹೇಳಿಕೊಡ್ತೀಯೇನಯ್ಯಾ? ಹಾಸೋದಿದ್ರೆ ಹಾಸು, ಇಲ್ಲ ನಡಿ!"

ಅವರು ನಡೆದೇಬಿಟ್ಟರು. ಹೋಗುವಾಗ ಹೆಂಡತಿಗೆ ಕೈ ಮುಗಿದು, "ಮಳೆಗೆ ಮುಂಚೆ ತೆಗ್ಸಿಬಿಡಿ ಅಕ್ಕಾ" ಎಂದು ಹೇಳಿ ಹೋದರು. ತೆಗೆಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತೆಗೆಸಲಿಲ್ಲ. ಹಟ, ಇನ್ನೇನು! ಬೇರೆ ಯಾರನ್ನಾದರೂ ಹುಡುಕುತ್ತೇನೆಂದು ದಿನ ತಳ್ಳಿದೆ.

ಮುಂಗಾರು ಆ ವರ್ಷ ಯಾರಿಗೂ ಹೇಳದೆ ಕೇಳದೆ ಬೇಗ ಬಂತು. ನನ್ನ ಬೆಣ್ಣೆಯಂಥ ನೆಲ ಮೊದಲು ಊದಿಕೊಂಡಿತು, ಆಮೇಲೆ ಗೊಜ್ಜಾಯಿತು. ಮೂರನೆಯ ದಿನ ಅಳತೆಯ ದಾರ ಬಿಚ್ಚಲು ಹೋದವನು ಮೊಣಕಾಲವರೆಗೆ ಹೂತುಹೋಗಿ ಒಂದು ಕಾಲಿನ ಚಪ್ಪಲಿ ಬಿಟ್ಟು ಬಂದೆ. ಮಾನ ಬಿಟ್ಟು ಹಗರೆಗೆ ಫೋನು ಮಾಡಿದೆ. "ಈಗ ಮಿಷನ್ ಇಳಿಸಿದ್ರೆ ಮಿಷನ್ನೇ ಮೇಲೇಳಲ್ಲ ಸಾರ್. ನೆಲ ಒಣಗ್ಲಿ. ದೀಪಾವಳಿ ಆಗ್ಲಿ" ಎಂದರು. ಬೈದಿದ್ದರೂ ಚೆನ್ನಾಗಿತ್ತು.

ಆ ಸಂಜೆ ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಮಂಡಿಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಜಗಳಕ್ಕೆ ತಯಾರಾಗಿ ಪಕ್ಕದಲ್ಲಿ ಕೂತೆ. ಅವಳು ದನಿ ಏರಿಸಲೇ ಇಲ್ಲ.

"ಡಾಕ್ಟ್ರು ಎರಡೋ ಮೂರೋ ವರ್ಷ ಅಂದಿದ್ರು. ಅದರಲ್ಲಿ ಒಂದನ್ನ ನೀವು ಈ ಕೆಸರಲ್ಲಿ ಹೂತುಬಿಟ್ರಿ."

ನಾಚಿಕೆಯಾಯಿತು. ಬಟ್ಟಲು ಎತ್ತಿಕೊಂಡು ಹೋಗಿ ಆರಿದ್ದ ಎಣ್ಣೆಯನ್ನು ಮತ್ತೆ ಬಿಸಿ ಮಾಡಿ ತಂದೆ. ಅಂದಿನಿಂದ ಅದು ನನ್ನ ಕೆಲಸವೇ ಆಯಿತು.

ದೀಪಾವಳಿ ಕಳೆದ ಮೇಲೆ ಹಗರೆಯವರು ಬಂದರು. ಈ ಸಲ ನಾನು ಗಪ್‌ಚಿಪ್. ಗೋಡನ್ನೂ ಅದರಡಿಯ ಜೇಡಿಯನ್ನೂ ಅಡಿಗಟ್ಟಲೆ ಬಗೆಸಿ ತೆಗೆಸಿದರು. ಅಡಿಯ ಮಣ್ಣು ಮೇಲೆ ಬರದ ಹಾಗೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಜಲ್ಲಿಪುಡಿ ಹಾಕಿ ಒಂದೊಂದಕ್ಕೂ ರೋಲರ್ ಹೊಡೆಸಿದರು. ನೀರು ಹರಿಯಲು ಒಂದು ಕಡೆಗೆ ಇಳಿಜಾರು ಕೊಟ್ಟು, ಅಂಚಿಗೆ ಪೈಪು ಹೂಳಿದರು. ಆಮೇಲೆ ಜಮಖಾನದ ಹಾಗೆ ಹುಲ್ಲಿನ ಸುರುಳಿ ಬಿಚ್ಚಿ, ಅಂಟಿಸಿ, ಎಳೆಗಳ ನಡುವೆ ಮರಳೂ ರಬ್ಬರ್ ಕಾಳೂ ತುಂಬಿದರು. ನನ್ನ ಗೋಡೆಲ್ಲ ಹಿಂದಿನ ಮನೆಯವರ ತೆಂಗಿನ ಬುಡ ಸೇರಿತು. ಅವರು ಈಗಲೂ ಎಳನೀರು ಕಳಿಸುತ್ತಾರೆ, ಪ್ರೀತಿಗೋ ಗೇಲಿಗೋ ನಾನು ಕೇಳಿಲ್ಲ.

ಆಟ ಶುರುವಾದ ದಿನ ಒಬ್ಬರು ಕಮ್ಮಿ ಬಿದ್ದರು. "ರೀ, ಬನ್ನಿ, ಆ ಕಡೆ ನಿಂತ್ಕೊಳ್ಳಿ" ಎಂದಳು ಹೆಂಡತಿ. ಪಂಚೆ ಎತ್ತಿ ಕಟ್ಟಿ ನೆಟ್ಟಿನಾಚೆ ನಿಂತೆ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಎರಡು ಹೆಜ್ಜೆ ಓಡಿ ಜಿಗಿದಳು. ಚೆಂಡು ನನ್ನ ಅಂಗೈಗೆ ಬಡಿದು ಎದೆಗೆ ಬಡಿದು ಕೆಳಗೆ ಬಿತ್ತು. ಹೆಂಗಸರೆಲ್ಲ ಗೊಳ್ಳೆಂದರು. ಅವಳು ನಗುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಆ ನಗು ನನಗೆ ಹೊಸದು. ಅಯ್ಯೋ ಮಾರಾಯ, ಇದನ್ನು ಎಷ್ಟು ವರ್ಷ ತಪ್ಪಿಸಿಕೊಂಡೆ ಎನ್ನಿಸಿ ಕಣ್ಣು ತುಂಬಿ ಬಂತು. ಚೆಂಡು ಹೆಕ್ಕುವ ನೆಪದಲ್ಲಿ ಬಗ್ಗಿ ಒರೆಸಿಕೊಂಡೆ.

ಎದ್ದು ನೋಡಿದರೆ ಅವಳ ಒಂದು ಕೈ ಮಂಡಿಯ ಮೇಲಿತ್ತು.

"ನೋವೇನೇ? ಎಣ್ಣೆ ಕಾಯಿಸಲಾ?"

"ನೋವಿದೆ. ಈಗ ಅದೆಲ್ಲ ಕೇಳ್ಬೇಡಿ" ಎಂದು ಎರಡೂ ಕೈ ಮೇಲೆತ್ತಿದಳು. "ಬಾಲ್ ಎಸೀರಿ."

ಎಸೆದೆ.