ಹದಿಮೂರನೆಯ ರೀಲು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಟಾಕೀಸಿನ ಗಾಂಧಿ ಕ್ಲಾಸು, ಕರೆಂಟು ಹೋದಾಗಿನ ಶಿಳ್ಳೆ, ಪರದೆಯ ಹಿಂದೆ ಮರಿ ಹಾಕಿದ ಬೆಕ್ಕು, ಎಲ್ಲವನ್ನೂ ಈ ಅಂಕಣದಲ್ಲಿ ನಿಮಗೆ ಹೇಳಿ ಮುಗಿಸಿದ್ದೇನೆ. ಇದೊಂದನ್ನು ಮಾತ್ರ ಇವತ್ತಿಗೆ ಬೇಡ, ಮುಂದಿನ ವಾರ ನೋಡೋಣ ಎಂದು ತಳ್ಳುತ್ತಾ ಮೂರು ವರ್ಷ ಕಳೆದೆ.

ಈ ವಾರ ತಪ್ಪಿಸಿಕೊಳ್ಳುವಂತಿಲ್ಲ. ಅದಕ್ಕೆ ಕಾರಣ ನನ್ನ ಮೊಮ್ಮಗಳ ಕೈಯಲ್ಲಿದ್ದ ರಿಮೋಟು.

ಕಳೆದ ತಿಂಗಳ ಒಂದು ಭಾನುವಾರ. ಉಡುಪಿ ಅಂಬಲಪಾಡಿಯ ನಮ್ಮ ಮನೆಯಲ್ಲಿ ಊಟ ಮುಗಿದಿತ್ತು. ಮಗಳ ಮಗಳು ಅನ್ವಿತಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಜೆಯ ದಿನ ನಾವಿಬ್ಬರೂ ಕಿಟಕಿಗಳಿಗೆ ಪರದೆ ಎಳೆದು ಹಾರರ್ ಸಿನೆಮಾ ಹಾಕುತ್ತೇವೆ. (ನನ್ನ ಮಗಳ ಟೀಕೆ: "ಹಗಲಲ್ಲಿ ಪ್ರೇತ ನೋಡ್ಲಿಕ್ಕೆ ಇವರಿಗೆ ಕತ್ತಲೆ ಬೇರೆ ಆಗಬೇಕು!")

ಅವತ್ತಿನ ಚಿತ್ರ ಕೊನೆಯ ಹಂತಕ್ಕೆ ಬಂದಿತ್ತು. ಹೀರೋಯಿನ್ ಒಬ್ಬಳೇ ದೆವ್ವದ ಎದುರು ನಿಂತಿದ್ದಾಳೆ. ನನ್ನ ಎದೆ ಡವಡವ. ಅಷ್ಟರಲ್ಲಿ ಅನ್ವಿತಾ ರಿಮೋಟು ಒತ್ತಿದಳು. ಹತ್ತು ಸೆಕೆಂಡು ಮುಂದೆ. ಮತ್ತೆ ಹತ್ತು. ಮತ್ತೆ ಹತ್ತು.

"ಅವಳು ಹೇಗೂ ಗೆಲ್ತಾಳೆ ಅಜ್ಜ. ಗೊತ್ತುಂಟಲ್ಲ."

"ಬಿಡಬೇಡ!" ಎಂದು ಕಿರುಚಿದೆ.

ಎಷ್ಟು ಜೋರಾಗಿ ಕಿರುಚಿದೆ ಎಂದರೆ, ಮಗಳು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಎಂತ ಆಯ್ತು? ಹಾವಾ?"

ಹಾವಲ್ಲ. ಆದರೆ ಆ ಕಿರುಚಾಟದ ಕತೆಗೆ ಹೋಗುವ ಮೊದಲು ಸಿನೆಮಾದ ವಿಷಯ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೇ ತಡೆಯುವುದಿಲ್ಲ. ಎಂಥೆಂಥ ಚಿತ್ರಗಳು ಬರುತ್ತಿವೆ ಮಾರಾಯ್ರೆ! ಹೆಸರು ಕೇಳಬೇಡಿ. ಈ ವಯಸ್ಸಿನಲ್ಲಿ ನನಗೆ ಕತೆ ನಿಲ್ಲುತ್ತದೆ, ಹೆಸರು ನಿಲ್ಲುವುದಿಲ್ಲ. ನಿಮ್ಮ ಮನೆಯ ಮಕ್ಕಳಿಗೆ ಕತೆ ಹೇಳಿ, ಅವರೇ ಮೊಬೈಲಿನಲ್ಲಿ ಹುಡುಕಿ ಕೊಡುತ್ತಾರೆ.

ಅವತ್ತು ನೋಡುತ್ತಿದ್ದದ್ದರಲ್ಲಿ ಬಸ್ಸಿನ ಲೇಡಿ ಕಂಡಕ್ಟರ್ ಇದ್ದಾಳೆ. ಘಟ್ಟದ ದಾರಿ. ಯಾವಾಗಲೋ ರದ್ದಾದ ಒಂದು ಸ್ಟಾಪಿನಲ್ಲಿ ದಿನವೂ ಯಾರೋ ಹತ್ತುತ್ತಾರೆ. ಡ್ರೈವರಿಗೆ ಕಾಣುವುದಿಲ್ಲ, ಪ್ಯಾಸೆಂಜರುಗಳಿಗೂ ಕಾಣುವುದಿಲ್ಲ. ನಿನಗೆ ರಜೆ ಬೇಕು, ತಲೆ ಸರಿ ಇಲ್ಲ ಎನ್ನುತ್ತಾರೆ ಎಲ್ಲರೂ. ಅವಳು ಏನು ಮಾಡುತ್ತಾಳೆ ಗೊತ್ತೇ? ಟಿಕೆಟ್ ಮೆಷಿನು ಹಿಡಿದು ಸೀದಾ ಆ ಸೀಟಿನ ಹತ್ತಿರ ಹೋಗಿ ಕೇಳುತ್ತಾಳೆ: "ಎಲ್ಲಿಗೆ?" ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಮಂಡಿ ನೋವು ಆಮೇಲೆ ನೆನಪಾಯಿತು.

ಇನ್ನೊಂದು ಹಿಮದ ದೇಶದ್ದು. ಒಂಟಿ ಅಜ್ಜಿ. ತೀರಿಹೋದ ಗಂಡನ ರೂಪದಲ್ಲಿ ಏನೋ ಒಂದು ಮನೆಯೊಳಗೆ ಬಂದು ಸೇರಿಕೊಳ್ಳುತ್ತದೆ. ಅದೇ ಮುಖ, ಅದೇ ಕೆಮ್ಮು. ಅಜ್ಜಿ ಅದನ್ನು ಹೇಗೆ ಪತ್ತೆಹಚ್ಚುತ್ತಾಳೆ? ಅದು ಕುಡಿದ ಲೋಟವನ್ನು ತಾನೇ ತೊಳೆದಿಡುತ್ತದೆ! ನಲವತ್ತು ವರ್ಷ ಗಂಡ ಒಮ್ಮೆಯೂ ಮಾಡದ ಕೆಲಸ. (ನನ್ನ ಮಗಳು ಅರ್ಧ ದಿನ ನಗುತ್ತಿದ್ದಳು. ನಾನು ಎದ್ದು ಹೋಗಿ ನನ್ನ ಲೋಟ ತೊಳೆದಿಟ್ಟೆ. ಅವಳು ಹೆದರಿಕೊಂಡಂತೆ ನಟಿಸಿದಳು.)

ನಮ್ಮ ಕಾಲದಲ್ಲಿ ಹಾರರ್ ಚಿತ್ರದ ಹೀರೋಯಿನ್ನಿಗೆ ಎರಡೇ ಕೆಲಸ. ಬಿಳಿ ಸೀರೆ ಉಟ್ಟು ಓಡುವುದು, ಬೊಬ್ಬೆ ಹೊಡೆಯುವುದು. ಉಳಿದದ್ದನ್ನು ಹೀರೋ ನೋಡಿಕೊಳ್ಳುತ್ತಿದ್ದ. ಈಗಿನವರು ಹಾಗಲ್ಲ. ಆದರೆ ಇಷ್ಟು ಚಿತ್ರ ನೋಡಿದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಎಲ್ಲದರಲ್ಲೂ ಮೊದಲ ಒಂದು ಗಂಟೆ ದೆವ್ವ ಹೆಚ್ಚು ಕಾಣಿಸುವುದೇ ಇಲ್ಲ. ಆ ಒಂದು ಗಂಟೆ ಇಡೀ ಅವಳು "ನಾನು ನೋಡಿದ್ದೇನೆ" ಎನ್ನುತ್ತಿರುತ್ತಾಳೆ. ಯಾರೂ ನಂಬುವುದಿಲ್ಲ.

ನನಗೆ ಬೆವರು ಬರುವುದು ಅಲ್ಲಿ.

ಹೊಸ ಓದುಗರಿಗಾಗಿ ಒಂದು ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು ಕಾರ್ಕಳದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಮೇಲಿನ ಕ್ಯಾಬಿನ್ನಿನಲ್ಲಿ ಕೂತು ಪಿಕ್ಚರ್ ಓಡಿಸುವವನು. ಆ ಟಾಕೀಸು ಈಗ ಇಲ್ಲ.

ಅಲ್ಲಿಗೆ ಒಮ್ಮೆ ಒಂದು ದೆವ್ವದ ಚಿತ್ರ ಬಂತು. ಹದಿನಾಲ್ಕು ರೀಲು. ಟೀಚರ್ ಒಬ್ಬಳು ಹೊಸ ಊರಿಗೆ ಬರುತ್ತಾಳೆ. ಕ್ವಾರ್ಟರ್ಸಿನ ಹಿಂದಿನ ಬಾವಿಯೊಳಗಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಹೆಡ್ಮಾಸ್ಟರು ನಂಬುವುದಿಲ್ಲ. ಅವಳನ್ನು ಮದುವೆಯಾಗಬೇಕಾದ ಇನ್‌ಸ್ಪೆಕ್ಟರನೂ ನಂಬುವುದಿಲ್ಲ. ಹನ್ನೆರಡನೆಯ ರೀಲಿನ ಕೊನೆಗೆ ಅವಳು ಬಾವಿಕಟ್ಟೆಯ ಮೇಲೆ ಹತ್ತಿ ನಿಲ್ಲುತ್ತಾಳೆ. ಹದಿಮೂರರಲ್ಲಿ ಹಗ್ಗವನ್ನು ಸೊಂಟಕ್ಕೆ ಬಿಗಿದು, ಲಾಟೀನು ಹಿಡಿದು ಒಬ್ಬಳೇ ಇಳಿಯುತ್ತಾಳೆ. ಕೆಳಗಿದ್ದದ್ದರ ಕತೆ ಮುಗಿಸಿ, ಒದ್ದೆಯಾಗಿ ಮೇಲೆ ಬರುತ್ತಾಳೆ. ಹದಿನಾಲ್ಕರಲ್ಲಿ ಇನ್‌ಸ್ಪೆಕ್ಟರ್ ಜೀಪಿನಲ್ಲಿ ಬಂದು ತನ್ನ ಕೋಟು ಹೊದಿಸುತ್ತಾನೆ. ಶುಭಂ.

ಅದೊಂದು ಭಾನುವಾರದ ಮ್ಯಾಟಿನಿ. ನಡುವೆ ಕರೆಂಟು ಹೋಗಿ ಹೊತ್ತು ಮೀರಿತು. ಆರು ಗಂಟೆಯ ಶೋಗೆ ಗೇಟಿನಲ್ಲಿ ಜನ. ಮಾಲೀಕರು ಮೆಟ್ಟಿಲ ಬುಡದಿಂದಲೇ ಕೂಗಿದರು: "ಒಂದು ರೀಲು ಬಿಡು ಮಾರಾಯ!"

ರೀಲು ಬಿಡುವುದೆಂದರೆ ನಮ್ಮ ಕಸುಬಿನಲ್ಲಿ ಅರ್ಥ ಇಷ್ಟೇ: ಒಂದು ರೀಲನ್ನು ಓಡಿಸದೆ ಮುಂದಿನದಕ್ಕೆ ಹಾರುವುದು. ಯಾವುದನ್ನು ಬಿಡಬೇಕು ಎನ್ನುವುದು ಆಪರೇಟರನ ತೀರ್ಮಾನ. ಹಾಡು ಬಿಟ್ಟರೆ ಕುರ್ಚಿ ಮುರಿಯುತ್ತಾರೆ. ಹೀರೋ ಬರುವ ರೀಲು ಬಿಟ್ಟರೆ ನನ್ನ ಮೂಳೆ ಮುರಿಯುತ್ತಾರೆ. ಹೆಂಗಸು ಬಾವಿಗೆ ಇಳಿದರೆಷ್ಟು, ಬಿಟ್ಟರೆಷ್ಟು? ಹದಿಮೂರನ್ನು ಬಿಟ್ಟೆ.

ಯಾರಿಗೂ ಗೊತ್ತಾಗಲಿಲ್ಲ. ಅಷ್ಟೇ ಅಲ್ಲ, ಶಿಳ್ಳೆ ಬಿತ್ತು! ಬಾವಿಕಟ್ಟೆಯ ಮೇಲೆ ಹುಡುಗಿ, ಮರುಕ್ಷಣ ಜೀಪು, ಒದ್ದೆ ಹುಡುಗಿಗೆ ಕೋಟು. ಇನ್‌ಸ್ಪೆಕ್ಟರೇ ಬಾವಿಗೆ ಹಾರಿ ಎತ್ತಿದ ಎಂದು ಜನ ತಾವೇ ತಿಳಿದುಕೊಂಡರು. ಅವಳ ಗೆಲುವನ್ನು ತೆಗೆದು ಅವನಿಗೆ ಕೊಟ್ಟವನು ಕ್ಯಾಬಿನ್ನಿನಲ್ಲಿ ಕೂತು ಬೀಡಿ ಸೇದುತ್ತಿದ್ದ.

ಒಬ್ಬರಿಗೆ ಮಾತ್ರ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಬಾಯಮ್ಮ. ಕ್ರಿಶ್ಚಿಯನ್ ಹೆಂಗಸರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ದಾರ, ಗುಂಡಿ ತರಲು ಉಡುಪಿಗೆ ಹೋದಾಗ ಅವರು ಆ ಚಿತ್ರವನ್ನು ಅಲ್ಲಿ ಪೂರ್ತಿ ನೋಡಿ ಬಂದಿದ್ದರು. ಹೊಲಿಯುತ್ತಾ ಹೊಲಿಯುತ್ತಾ ಶಿಷ್ಯೆಯರಿಗೆ ಕತೆ ಹೇಳಿದ್ದರು. ಆ ಭಾನುವಾರ ಅಷ್ಟೂ ಹುಡುಗಿಯರನ್ನು ಕರೆತಂದಿದ್ದರು, ಟೀಚರು ಬಾವಿಗೆ ಇಳಿಯುವುದನ್ನು ತೋರಿಸಲಿಕ್ಕೆ.

ಶೋ ಮುಗಿದದ್ದೇ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದರು.

"ಆಪರೇಟರೇ, ಬಾವಿಗೆ ಇಳಿಯುವುದು ಎಲ್ಲಿ ಹೋಯ್ತು?"

ಅವರ ಹಿಂದೆ ಹುಡುಗಿಯರು. ಹುಡುಗಿಯರ ಹಿಂದೆ ತಮಾಷೆ ನೋಡಲು ನಿಂತ ಗಂಡಸರು. ಎಲ್ಲರಿಗಿಂತ ಕೆಳಗೆ ಮಾಲೀಕರು.

ಕರೆಂಟು ಹೋಗಿತ್ತು ಬಾಯಿ, ಒಂದು ರೀಲು ಬಿಡಬೇಕಾಯಿತು, ನಾಳೆ ಬನ್ನಿ ಎನ್ನಬಹುದಿತ್ತು. ಒಂದು ವಾಕ್ಯ. ನಾನು ಅಂದದ್ದು ಬೇರೆ.

"ಅಂಥದ್ದು ಈ ಪಿಕ್ಚರಲ್ಲಿ ಇಲ್ಲವೇ ಇಲ್ಲ. ಬಾಯಮ್ಮ ರೀಲು ಬಿಡ್ತಿದ್ದಾರೆ!"

ಊರಿನ ಭಾಷೆಯಲ್ಲಿ ರೀಲು ಬಿಡುವುದೆಂದರೆ ಏನರ್ಥ ಎಂದು ನಿಮಗೆ ಗೊತ್ತು. ಮೆಟ್ಟಿಲು ನಡುಗುವಂತೆ ಜನ ನಕ್ಕರು. ಹುಡುಗಿಯರೂ ನಕ್ಕರು.

ಹದಿಮೂರನೆಯ ರೀಲಿನ ಡಬ್ಬಿ ನನ್ನ ಕಾಲಿನ ಹತ್ತಿರವೇ ಇತ್ತು. ಅದರ ಮೇಲೆ ನಂಬರು ಬರೆದಿತ್ತು.

"ನಾನು ನೋಡಿದ್ದೇನೆ" ಎಂದಷ್ಟೇ ಹೇಳಿ ಅವರು ಮೆಟ್ಟಿಲು ಇಳಿದರು.

ಮರುದಿನದಿಂದ ಅವರು ಊರಿಗೆಲ್ಲ "ರೀಲ್ ಬಾಯಿ". ತಮಾಷೆ ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಲವು ತಿಂಗಳ ನಂತರ ಅವರ ಶಿಷ್ಯೆಯೊಬ್ಬಳಿಗೆ ಕ್ಲಾಸು ನಡೆಯುತ್ತಿದ್ದ ಕಟ್ಟಡದ ಯಜಮಾನ ದಿನವೂ ಮೆಟ್ಟಿಲಲ್ಲಿ ಅಡ್ಡ ನಿಂತು ತೊಂದರೆ ಕೊಡತೊಡಗಿದ. ಬಾಯಮ್ಮ ಅದನ್ನು ಕಣ್ಣಾರೆ ಕಂಡು ಊರಿನ ನಾಲ್ಕು ಹಿರಿಯರ ಹತ್ತಿರ ಹೇಳಿದರು. ಹೋಟೆಲಿನಲ್ಲಿ ಆ ಮಾತು ಬಂತು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ರೀಲ್ ಬಾಯಿಯದ್ದು ಹೊಸ ರೀಲು ಬಂದಿದೆ" ಎಂದರು ಒಬ್ಬರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಹುಡುಗಿ ಕ್ಲಾಸು ಬಿಟ್ಟಳು. ಉಳಿದವರನ್ನೂ ಮನೆಯವರು ಕಳಿಸಲಿಲ್ಲ. ಒಂದು ದಿನ ಹೊಲಿಗೆ ಮೆಷಿನುಗಳನ್ನು ಟೆಂಪೋಕ್ಕೆ ಹೇರಿಕೊಂಡು ಬಾಯಮ್ಮ ಕಾಪುವಿಗೆ, ತಮ್ಮನ ಮನೆಗೆ ಹೋದರು.

ಇದಿಷ್ಟನ್ನೂ ಆ ಭಾನುವಾರ ಪರದೆ ಎಳೆದ ಕೋಣೆಯಲ್ಲಿ ಅನ್ವಿತಾಳಿಗೆ ಹೇಳಿದೆ. ಟಿವಿಯಲ್ಲಿ ಕಂಡಕ್ಟರಮ್ಮ ಅರ್ಧ ಎತ್ತಿದ ಕೈಯಲ್ಲೇ ನಿಂತಿದ್ದಳು.

"ಅವರು ಈಗ ಇದ್ದಾರಾ ಅಜ್ಜ?"

"ಇದ್ದಾರೆ. ಕಾಪುವಿನಲ್ಲೇ. ತಮ್ಮನ ಮಗಳ ಜೊತೆ."

"ಅಲ್ಲಿದ್ದಾರೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಯಾವತ್ತೂ ಗೊತ್ತಿತ್ತು."

ಅವಳು ರಿಮೋಟು ನನ್ನ ಕೈಗೆ ಕೊಟ್ಟಳು. ಆ ದೃಶ್ಯವನ್ನು ಮೊದಲಿಂದ ಹಾಕಿ ಒಂದು ಸೆಕೆಂಡೂ ಬಿಡದೆ ನೋಡಿದೆವು.

ಆ ವಾರದ ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಬಸ್ಸು ಹತ್ತಿದೆ. ಉದ್ಯಾವರ ದಾಟುವವರೆಗೂ ಹೇಳಬೇಕಾದ ಮಾತು ಬಾಯಿಪಾಠ ಇತ್ತು. ಕಾಪುವಿನಲ್ಲಿ ಇಳಿದು ಕೇಳಿಕೊಂಡು ಆ ಮನೆ ಮುಟ್ಟಿದೆ. ಜಗಲಿಯಲ್ಲಿ ಬಾಯಮ್ಮ. ತಲೆ ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಭೂತಗನ್ನಡಿ, ಮಡಿಲಲ್ಲಿ ಪೇಪರು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ತಮ್ಮನ ಮಗಳು ಗೇಟಿಗೆ ಬಂದರು.

"ಯಾರು ಆಗಬೇಕಿತ್ತು?"

ನನ್ನ ಬಾಯಿಯಿಂದ ಬಂದದ್ದು ಇದು: "ಲೈಟ್‌ಹೌಸಿಗೆ ಹೇಗೆ ಹೋಗುವುದು?"

(ಕಾಪು ಲೈಟ್‌ಹೌಸಿಗೆ ದಾರಿ ಕೇಳುವ ಉಡುಪಿಯವನು! ಅದೂ ಅಷ್ಟೆತ್ತರಕ್ಕೆ ಕಾಣುತ್ತಿರುವಾಗ.)

ಆಕೆ ಪಾಪ, ಕೈ ತೋರಿಸಿ ದಾರಿ ಹೇಳಿದರು. ನಾನು ಜಗಲಿಯ ಕಡೆ ನೋಡುತ್ತಲೇ ಇದ್ದೆನೇನೋ, ನಕ್ಕು ಹೇಳಿದರು: "ಅವರು ನಮ್ಮ ಮಾಯಿ, ಅತ್ತೆ. ಶುಕ್ರವಾರ ಅವರನ್ನು ಮಾತಾಡಿಸ್ಲಿಕ್ಕಿಲ್ಲ. ಈ ಪೇಪರಲ್ಲಿ ಸಿನೆಮಾದ್ದು ಒಂದು ಬರ್ತದೆ, ಟಾಕೀಸಿನ ಕತೆ. ಅದನ್ನು ಓದಿ ಮುಗಿಯಬೇಕು. ಒಂದು ಸಾಲೂ ಬಿಡುವುದಿಲ್ಲ."

ನನ್ನ ಅಂಕಣ! ಇಲ್ಲಿ ನನ್ನ ಫೋಟೋ ಇಲ್ಲ, ಇನಿಷಿಯಲ್ ಮಾತ್ರ. ಯಾರದ್ದೆಂದು ಅವರಿಗೆ ಗೊತ್ತಿದೆಯೋ ಇಲ್ಲವೋ. ಗೇಟು ದಾಟದೆ ಹಿಂದೆ ತಿರುಗಿದೆ. ಸುಳ್ಳಾಗಬಾರದೆಂದು ಲೈಟ್‌ಹೌಸಿನವರೆಗೂ ನಡೆದು, ಬಿಸಿಲಲ್ಲಿ ಅದನ್ನು ಸುಮ್ಮನೆ ನೋಡಿ, ಬಸ್ಸು ಹತ್ತಿ ವಾಪಸು ಬಂದೆ.

"ಟೀಚರು ಬಾವಿಗೇ ಇಳಿದಳು. ನಿಮಗೆ ಒಂದು ಗೇಟು ದಾಟ್ಲಿಕ್ಕೆ ಆಗ್ಲಿಲ್ವಾ ಅಜ್ಜ?" ಎಂದು ಕೇಳಿದಳು ಅನ್ವಿತಾ.

ಹಾಗಾಗಿ ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಪೇಪರಿನಲ್ಲಿ ಬರೆದು ಮನೆಯಲ್ಲಿ ಕೂತರೆ ಅದೂ ಒಂದು ಕಳ್ಳಾಟ ಎನ್ನುತ್ತಾಳೆ ಅವಳು. ಬಾಯಮ್ಮ, ಈ ಭಾನುವಾರ ಇಬ್ಬರೂ ನಿಮ್ಮ ಮನೆಗೆ ಬರುತ್ತೇವೆ. ಲೈಟ್‌ಹೌಸು ಕೇಳುವುದಿಲ್ಲ. ಗೇಟು ತೆರೆಯುವುದು, ತೆರೆಯದಿರುವುದು ನಿಮಗೆ ಸೇರಿದ್ದು. ಅದಕ್ಕೆ ಮೊದಲು, ಅವತ್ತು ಮೆಟ್ಟಿಲ ಮೇಲೆ ಎಲ್ಲರ ಎದುರು ಹೇಳಬೇಕಿದ್ದ ಮಾತನ್ನು ಇಲ್ಲಿ ಎಲ್ಲರ ಎದುರು ಹೇಳುತ್ತೇನೆ, ಭೂತಗನ್ನಡಿ ಹಿಡಿದು ಓದಿ.

ರೀಲು ಬಿಟ್ಟದ್ದು ನೀವಲ್ಲ, ನಾನು, ಸಿಸಿಲಿಯಾ ಬಾಯಿ.