ಅಪ್ಪನ ಕಾರಿನ ಹೊಗೆ ಪರೀಕ್ಷೆ

"ಆ ಗಾಡಿ ಹೊಗೆ ಟೆಸ್ಟು ಪಾಸಾಗೋದು ಈ ಜಲ್ಮದಲ್ಲಿ ಆಗಾಕಿಲ್ಲ, ಬರಕೊ" ಎಂದವರು ನನ್ನ ದೊಡ್ಡಪ್ಪ. ನಾನು ಬಿ.ಎ.ಗೆ ಸೇರಿದಾಗಲೂ ಅವರು ಇಂಥದ್ದೇ ಮಾತು ಹೇಳಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರು ಯಾರೂ ಇರಲಿಲ್ಲ, ಆದ್ದರಿಂದ ಅವರ ಅನುಮಾನ ಸುಳ್ಳೇನಲ್ಲ. ಬಿ.ಎ. ಮುಗಿಸಿದೆ, ಬಿ.ಎಡ್. ಮುಗಿಸಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೊಟ್ಟೆಬಟ್ಟೆ ಕಟ್ಟಿ ಪಡೆದದ್ದು ಅದು. ಆದರೆ ಕಾರಿನ ವಿಷಯ ಬೇರೆ. ಓದುವಾಗ ನನ್ನ ಶಕ್ತಿ ಎಷ್ಟೆಂದು ನನಗೆ ಗೊತ್ತಿತ್ತು. ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆಯೆಂದು ಗೊತ್ತಿರಲಿಲ್ಲ.

ಕಾರು ಅಪ್ಪನದು. ಚಿಕ್ಕ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟು ಕಿತ್ತು ಹೊಗೆಸೊಪ್ಪಿನ ಬೇಲು ತುಂಬಿಕೊಂಡು ಹರಾಜು ಕಟ್ಟೆಗೆ ಹೋಗುತ್ತಿದ್ದರು. ಎಂಜಿನ್ ಕಿರುಚಬಾರದು ಎಂಬುದು ಅವರ ನಿಯಮ. ಬೇಗ ಬೇಗ ಮೇಲಿನ ಗೇರಿಗೆ ಹಾಕಿ, ಎತ್ತಿನ ಗಾಡಿಯ ಹದದಲ್ಲಿ ಓಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಕೀ ನನ್ನ ಕೈಗೆ ಬಂತು. ನಮ್ಮೂರು ವೀರನಹೊಸಹಳ್ಳಿ ಕಡೆ. ನಾನು ಅತಿಥಿ ಶಿಕ್ಷಕಿಯಾಗಿರುವ ಶಾಲೆ ಸರಗೂರಿನ ಹತ್ತಿರ. ಬಸ್ಸು ಬದಲಿಸಿ ಬದಲಿಸಿ ಹೋದರೆ ಮೊದಲ ಪೀರಿಯಡ್ ಮುಗಿದಿರುತ್ತದೆ. ತಡವಾಗಿ ಬರುವವರನ್ನು ಮುಂದಿನ ವರ್ಷ ಕರೆಯುವುದಿಲ್ಲ ಎಂದು ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು. ಕಾರು ನಿಂತರೆ ನನ್ನ ಕೆಲಸವೂ ನಿಂತಂತೆ.

ಆ ವರ್ಷ ಕಾರಿಗೆ ಹದಿನೈದು ತುಂಬುತ್ತಿತ್ತು. ನೋಂದಣಿ ಮತ್ತೆ ಮಾಡಿಸಬೇಕು, ಅದಕ್ಕೆ ಮೊದಲು ಹೊಗೆ ಪರೀಕ್ಷೆಯ ಸರ್ಟಿಫಿಕೇಟ್ ಬೇಕು. ಅಪ್ಪನನ್ನು ಕೂರಿಸಿಕೊಂಡು ಹುಣಸೂರಿಗೆ ಹೋದೆ. ಪೆಟ್ರೋಲ್ ಬಂಕಿನ ಪಕ್ಕ ಹೊಗೆ ಪರೀಕ್ಷೆ ಮಾಡುವ ಕನ್ನಡಕದ ಯಜಮಾನರು ಸೈಲೆನ್ಸರಿಗೆ ಪೈಪು ಸಿಕ್ಕಿಸಿ, ಕಾರೊಳಗೆ ಕೂತು ಒಂದು ಸಲ ರೇಸ್ ಕೊಟ್ಟರು. ಕಪ್ಪು ಹೊಗೆ ಎದ್ದು ಪಕ್ಕದ ಟೀ ಅಂಗಡಿಯವರು ಬೈದರು. ಯಜಮಾನರು ಕಾಲು ತೆಗೆದು ಇಳಿದರು.

"ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು ಮೇಡಂ?"

"ಗೊತ್ತಿಲ್ಲ."

"ಗೊತ್ತಿಲ್ದೆ ನಾನು ಫುಲ್ ರೇಸ್ ಕೊಡಲ್ಲ ಕಣ್ರೀ. ಈ ಟೆಸ್ಟ್‌ಗೆ ಪೂರ್ತಿ ಒತ್ಬೇಕು, ಅದೂ ನಾಲ್ಕೈದು ಸಲ. ಹಳೇ ಬೆಲ್ಟ್ ಆದ್ರೆ ಇಲ್ಲೇ ಕಿತ್ತೋಯ್ತದೆ. ಆಮೇಲೆ ವಾಲ್ವು, ಪಿಸ್ಟನ್ನು ಒಂದಕ್ಕೊಂದು ಗುದ್ಕೊಂಡು ಎಂಜಿನ್ನೇ ಹೋಯ್ತು ಅನ್ನಿ."

ಅಪ್ಪನನ್ನು ಕೇಳಿದೆ. ಓದುಬರಹ ಇಲ್ಲದ ಅಪ್ಪನಿಗೆ ತಾರೀಕು ನೆನಪಿರುವುದಿಲ್ಲ. ನನ್ನ ಓದೇ ಅವರ ಕ್ಯಾಲೆಂಡರು. ಕ್ಲಚ್ ಪ್ಲೇಟು ಹಾಕಿಸಿದ್ದು ನನ್ನ ಬಿ.ಎ. ಎರಡನೇ ವರ್ಷದಲ್ಲಿ, ರೇಡಿಯೇಟರ್ ಬಿ.ಎಡ್.ನಲ್ಲಿ.

"ಬೆಲ್ಟಾ? ನೀನು ಪಿಯುಸಿ ಪಾಸಾದ ವಾರ ಹಾಕ್ಸಿದ್ದೆ ಕಣವ್ವ."

ನಾನು ಪಿಯುಸಿ ಮುಗಿಸಿ ಹತ್ತು ವರ್ಷವಾಗಿತ್ತು.

ವಾಪಸ್ಸು ಬಂದ ದಾರಿಯನ್ನು ನಾನು ಮರೆತಿಲ್ಲ. ಕಾಡಿನ ಅಂಚಿನ ರಸ್ತೆ. ಹಿಂದಿನ ದಿನದವರೆಗೆ ಆನೆ ಎದುರಾದೀತು ಎಂಬುದೊಂದೇ ಭಯವಿತ್ತು. ಈಗ ಬಾನೆಟ್ಟಿನ ಒಳಗೆ ಎರಡು ಬೆರಳಗಲದ ರಬ್ಬರು ಪಟ್ಟಿಯೊಂದು ಹತ್ತು ವರ್ಷದಿಂದ ಸುತ್ತುತ್ತಿದೆ ಎಂಬುದೂ ಗೊತ್ತಾಗಿತ್ತು. ದಿನಾ ಕೇಳುತ್ತಿದ್ದ ಟಕಟಕ ಸದ್ದಿನಲ್ಲಿ ಹೊಸ ಸದ್ದುಗಳು ಕೇಳಿಸತೊಡಗಿದವು. ಹಳ್ಳ ಬಂದಲ್ಲೆಲ್ಲ ವೇಗ ತಗ್ಗಿಸಿ ಮೆಲ್ಲಗೆ ದಾಟಿಸಿದೆ. ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು, ಜ್ವರ ಬಂದ ದನದ ಮೈ ಮುಟ್ಟಿ ನೋಡುವ ಹಾಗೆ.

ಮರುದಿನ ಶಾಲೆಗೆ ರಜೆ ಹಾಕಿ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆವು. ಹಿಂದಿನ ದಿನ ಓಡಿಸಿದ್ದ ಕಾರನ್ನು ಹೀಗೆ ಎಳೆಸುವುದೇ ಎಂದು ದೊಡ್ಡಪ್ಪ ನಕ್ಕರು. ನಗಲಿ ಬಿಡಿ, ಕೀ ತಿರುಗಿಸಲು ನನ್ನ ಕೈ ಬರಲಿಲ್ಲ.

ಮೆಕ್ಯಾನಿಕ್ ಮೊದಲು ಬಿಚ್ಚಿದ್ದು ಏರ್ ಫಿಲ್ಟರು. ಅದನ್ನು ನೆಲಕ್ಕೆ ತಟ್ಟಿದರೆ ಕಂದು ಪುಡಿ ಉದುರಿ ಎಲ್ಲರಿಗೂ ಸೀನು ಬಂತು.

"ಇದೇನ್ ಫಿಲ್ಟ್ರಾ ಯಜಮಾನ್ರೆ, ನಶ್ಯದ ಡಬ್ಬಿನಾ?" ಎಂದು ಅಪ್ಪನನ್ನು ರೇಗಿಸಿದ. "ಸೊಪ್ಪಿನ ಧೂಳು ತುಂಬ್ಕೊಂಡದೆ. ಉಸ್ರಾಡಕ್ಕೆ ಗಾಳಿ ಇಲ್ದೆ ಇನ್ನೇನ್ ಮಾಡ್ತದೆ, ಕಪ್ಪಗೆ ಉಗುಳ್ತದೆ."

ಆಮೇಲೆ ಪಕ್ಕದ ಕವರು ತೆಗೆದು ಬೆಲ್ಟನ್ನು ಬಿಚ್ಚಿ ಹಿಂದಕ್ಕೆ ಮಡಿಸಿ ತೋರಿಸಿದ. ಹಲ್ಲಿನ ಬುಡದಲ್ಲೆಲ್ಲ ಬಿರುಕು. ಒಂದು ಹಲ್ಲು ಉಗುರಿಗೇ ಎದ್ದು ಬಂತು. ಅಷ್ಟು ದಿನ ಅದನ್ನೇ ನಂಬಿ ಓಡಾಡಿದ್ದೆ.

ಹೊಸ ಫಿಲ್ಟರು, ಹೊಸ ಬೆಲ್ಟು ಸಿಕ್ಕವು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಬೇರಿಂಗು ಮಾತ್ರ ಎಲ್ಲೂ ಇಲ್ಲ, ಆ ಮಾದರಿಯ ಕಾರು ಬರುವುದೇ ನಿಂತು ವರ್ಷಗಳಾಗಿದ್ದವು. ಕೊನೆಗೆ ಕೆ.ಆರ್. ನಗರದಲ್ಲಿ ಗುಜರಿಗೆ ಬಿಚ್ಚಿದ ಗಾಡಿಯೊಂದರಿಂದ ನಾನೇ ಬಸ್ಸಿನಲ್ಲಿ ಹೋಗಿ ತಂದೆ. ಮೆಕ್ಯಾನಿಕ್ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದ.

"ಸದ್ದಿಲ್ಲ. ಆದ್ರೆ ಗ್ಯಾರಂಟಿ ಕೇಳ್ಬೇಡಿ ಟೀಚರಮ್ಮ. ಬೆಲ್ಟಿಗೆ ನಾನು ಜವಾಬ್ದಾರಿ, ಇದಕ್ಕೆ ದೇವ್ರು."

ಎಲ್ಲ ಜೋಡಿಸಿ, ಸ್ಪಾನರಿನಲ್ಲಿ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ನೋಡಿಕೊಂಡ. ಆಮೇಲೆ ನನ್ನನ್ನು ಕರೆದು ಹೇಳಿದ್ದು ಅಪ್ಪ ಜೀವಮಾನದಲ್ಲಿ ಒಪ್ಪದ ಮಾತು. "ನಿಮ್ಮಪ್ಪಾರು ಇದನ್ನ ಮೆತ್ತಗೆ ಓಡ್ಸಿ ಓಡ್ಸಿ ಒಳಗೆಲ್ಲ ಮಸಿ ಕಟ್ಸವ್ರೆ. ಪಿರಿಯಾಪಟ್ಟಣದ ರೋಡ್‌ಗೆ ಹೋಗಿ. ಮೂರನೇ ಗೇರಲ್ಲೇ ಇಟ್ಟು ಅರ್ಧ ಗಂಟೆ ಜೋರಾಗಿ ಕಿರುಚ್ಸಿ, ಮಸಿಯೆಲ್ಲ ಆಚೆ ಬರ್ತದೆ. ಬಿಸಿ ಇದ್ದಂಗೆ, ಆಫ್ ಮಾಡ್ದೆ ಸೀದಾ ಟೆಸ್ಟ್‌ಗೆ ಬನ್ನಿ."

ಹೋದೆವು. ಮೂರನೇ ಗೇರಿನಲ್ಲಿ ಆ ಎಂಜಿನ್ ಹಾಗೆ ಕೂಗುವುದನ್ನು ನಾನು ಕೇಳಿಯೇ ಇರಲಿಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣದಷ್ಟು ಹೊಗೆ. "ಸಾಯ್ತದೆ ಕಣವ್ವ, ಗೇರ್ ಹಾಕು, ಗೇರ್ ಹಾಕು" ಎಂದು ಅಪ್ಪ ಗೋಗರೆದರು. ಗೇರಿನ ಕಡೆ ಹೋದ ಅವರ ಕೈಯನ್ನು ಎರಡು ಸಲ ತಡೆದೆ. ಜೀವನದಲ್ಲಿ ಮೊದಲ ಸಲ ಅಪ್ಪನ ಕೈ ತಡೆದಿದ್ದು ಅದು. ಬಿಳಿಕೆರೆಯ ಬಸ್ಸೊಂದು ದಾಟಿಹೋಗುವಾಗ ಡ್ರೈವರು ಹಣೆ ಚಚ್ಚಿಕೊಂಡ. ರಾವಂದೂರಿನ ತಿರುವಿನಲ್ಲಿ ಹಿಂದಿರುಗುವ ಹೊತ್ತಿಗೆ ಹೊಗೆ ತೆಳುವಾಗಿತ್ತು.

ಬಂಕಿನಲ್ಲಿ ಕನ್ನಡಕದ ಯಜಮಾನರು ಪೈಪು ಸಿಕ್ಕಿಸಿ ದೂರ ನಿಂತರು. ಬೇರಿಂಗು ಹಳೆಯದೆಂದು ನಾನು ಮುಚ್ಚಿಡಲಿಲ್ಲ.

"ಹಂಗಾದ್ರೆ ನೀವೇ ಒತ್ತಿ ಮೇಡಂ. ಏನಾದ್ರೂ ಆದ್ರೆ ನನ್ ತಲೆಗೆ ಬರೋದು ಬ್ಯಾಡ."

ಒತ್ತಿದೆ. ಸದ್ದು ಏರುತ್ತಿದ್ದಂತೆ ಕಾಲು ತಾನಾಗಿಯೇ ಹಿಂದೆ ಬಂತು.

"ಅರ್ಧ ಒತ್ತಿದ್ರೆ ಮಿಷಿನ್ ತಗೊಳಲ್ಲ. ನೆಲಕ್ಕೆ ಮುಟ್ಟಿಸಿ."

ನನ್ನ ಕಾಲಡಿ ಒಂದು ಪೆಡಲ್ಲು. ಅದರ ಆಚೆ ಗುಜರಿಯ ಬೇರಿಂಗು, ಅದರ ಆಚೆ ನನ್ನ ಶಾಲೆ. ಪರೀಕ್ಷೆ ಹಾಲಿನಲ್ಲಿ ಪ್ರಶ್ನೆಪತ್ರಿಕೆ ತಿರುಗಿಸುವಾಗಲೂ ನಾನು ಇಷ್ಟು ಹೆದರಿರಲಿಲ್ಲ, ಅಲ್ಲಿ ಫೇಲಾದರೆ ಮತ್ತೆ ಕಟ್ಟಬಹುದಿತ್ತು. ಹಲ್ಲು ಕಚ್ಚಿ ನೆಲಕ್ಕೆ ಮುಟ್ಟಿಸಿದೆ. ಕಾರೆಲ್ಲ ನಡುಗಿತು. ಬಿಟ್ಟೆ. ಮತ್ತೆ ಒತ್ತಿದೆ. ಪ್ರತಿ ಸಲವೂ ಲಟಕ್ಕನೆ ಒಂದು ಸದ್ದು ಬರುತ್ತದೆಂದು ಕಾದೆ. ಬರಲಿಲ್ಲ. ನಾಲ್ಕನೆಯದು, ಐದನೆಯದು.

"ಸಾಕು, ಆಫ್ ಮಾಡಿ."

ಕೀ ತಿರುಗಿಸಿದೆ. ಪ್ರಿಂಟರು ಕಿರ್ರೆಂದು ಕಾಗದ ಉಗುಳಿತು. ಯಜಮಾನರು ಅದನ್ನು ಕಿಟಕಿಯೊಳಗೆ ಚಾಚಿ, "ಪಾಸು" ಎಂದಷ್ಟೇ ಹೇಳಿ ಮುಂದಿನ ಗಾಡಿಯ ಕಡೆ ನಡೆದರು. ಅದನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಮೆತ್ತಗೆ ಕೇಳಿದರು:

"ನಾನು ಕಣ್ ಮುಚ್ಕೊಂಡಿದ್ದೆ ಕಣವ್ವ. ಎಲ್ಲಾ ಸರ್ತೀನೂ ನೀನೇ ಒತ್ತಿದ್ದಾ?"

"ಹೂಂ ಅಪ್ಪ."

"ನಾನಾಗಿದ್ರೆ ಒತ್ತಾಕೆ ಆಯ್ತಿರ್ನಿಲ್ಲ ಬುಡು."