ಆಯಿ ಹೇಳಿದ ಪಗಾರ

ನಮ್ಮ ಅಂಕಲಿಯ ಕಡೆ ‘ಪಗಾರ’ ಎಂಬ ಶಬ್ದಕ್ಕಿರುವ ಮರ್ಯಾದೆ ಬೇರೆ ಯಾವ ಶಬ್ದಕ್ಕೂ ಇಲ್ಲ. ಹೊಲದಲ್ಲಿ ಕಬ್ಬು ಎಷ್ಟೇ ಎತ್ತರ ಬೆಳೆದಿರಲಿ, ತಿಂಗಳ ಪಗಾರದವರು ಬಂದರೆ ಕುರ್ಚಿ ಮೊದಲು ಅವರಿಗೆ. ನಾನು ಕಾಲೇಜಿನ ಮೊದಲ ವರ್ಷದಲ್ಲೇ ಆ ಕುರ್ಚಿಗೆ ಹಕ್ಕುದಾರಳಾದದ್ದು ಒಂದು ತಪ್ಪಿನಿಂದ.

ಪಿಯುಸಿ ಅಂಕಗಳ ಮೇಲೆ ನನಗೆ ಮೆರಿಟ್ ವಿದ್ಯಾರ್ಥಿವೇತನ ಬಂದಿತ್ತು. ಹಾಗೆಂದರೇನು ಎಂದು ಆಯಿ, ಅಂದರೆ ನನ್ನಜ್ಜಿ, ಕೇಳಿದಾಗ ಎತ್ತಿಗೆ ಮೇವು ಹಾಕುತ್ತಿದ್ದ ಅಪ್ಪ ಅವಸರದಲ್ಲಿ, “ಪಗಾರ ಇದ್ದಂಗ ಬೇ” ಅಂದುಬಿಟ್ಟ. ‘ಇದ್ದಂಗ’ ಎಂಬುದು ಆಯಿಯ ಕಿವಿಗೆ ಬೀಳಲಿಲ್ಲ. ಮರುದಿನದಿಂದ ನಾನು ಸರಕಾರಿ ನೌಕರಿಯವಳು. ರೊಟ್ಟಿ ಬಡಿಯಲು ಅವ್ವ ಕರೆದರೆ, “ಆಕಿ ಡೂಟಿ ಮ್ಯಾಲ ಅದಾಳ, ಕರೀಬ್ಯಾಡ” ಎಂದು ಆಯಿ ಗದರುತ್ತಿದ್ದಳು. ನಾನೂ ತಿದ್ದಲು ಹೋಗಲಿಲ್ಲ. ನನ್ನ ರೊಟ್ಟಿ ಎಂದೂ ದುಂಡಗಾದದ್ದಿಲ್ಲ.

ಆ ಚಳಿಗಾಲ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಾಕಾ ನನಗೊಂದು ಸಂಬಂಧ ತಂದರು. ಹುಡುಗನ ಮನೆಯವರಿಗೆ ನಾನು ಒಪ್ಪಿಗೆ. ನನ್ನ ಕಾಲೇಜು ಒಪ್ಪಿಗೆಯಿಲ್ಲ. “ಮಾಘದಾಗ ಲಗ್ನ ಮಾಡೂಣು. ಕಾಲೇಜ ಇನ್ನ ಸಾಕಲ್ರಿ” ಎಂದರು ಹುಡುಗನ ತಂದೆ. ಅಪ್ಪ ಬೇಡವೆನ್ನಲಾರದೆ ಕೂತಿದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೇಳಬೇಕಾದ ಮಾತೆಲ್ಲ ಗೊತ್ತಿತ್ತು. ಹೇಳುವ ಬಾಯಿ ಇರಲಿಲ್ಲ.

ಆಯಿ ಪಡಸಾಲೆಗೆ ಬಂದೇಬಿಟ್ಟಳು. “ಅದ್ಹೆಂಗ ಬಿಡಸ್ತೀರಿ? ಸರಕಾರದ ಪಗಾರ ಐತಿ ಆಕಿಗೆ.”

“ಯವ್ವಾ, ಅದು ನೌಕರಿ ಅಲ್ಲ ಬೇ. ಶಾಣ್ಯಾ ಹುಡುಗರಿಗೆ ಕೊಡೂ ಇನಾಮ” ಎಂದು ಕಾಕಾ ನಕ್ಕರು.

“ಇನಾಮ ಒಮ್ಮಿ ಕೊಡ್ತಾರ. ಇದು ವರ್ಷಾ ಬರತೈತಿ. ಮಾರ್ಕ ಬೀಳಲಿಲ್ಲಂದ್ರ ನಿಂದರಸ್ತಾರಂತ. ನಿನ್ನ ಫ್ಯಾಕ್ಟರ್ಯಾಗೂ ಹಂಗ ಅಲ್ಲೇನೋ? ದುಡದ್ರ ಪಗಾರ, ಇಲ್ಲಾಂದ್ರ ಮನಿಗಿ!”

ಎಲ್ಲರೂ ಅಪ್ಪನ ಮುಖ ನೋಡಿದರು. ತಪ್ಪು ಹುಟ್ಟಿದ್ದು ಅವನ ಬಾಯಿಂದ, ತಿದ್ದಬೇಕಾದವನೂ ಅವನೇ. ಅಪ್ಪ ಅವಲಕ್ಕಿಯ ತಾಟು ಕೆಳಗಿಟ್ಟು, “ಹೌದ್ರಿ, ನಡುವ ಬಿಡಾಕ ಬರೂದಿಲ್ಲ” ಅಂದ. ಸಂಬಂಧ ಅಲ್ಲಿಗೇ ಮುಗಿಯಿತು.

ಆಮೇಲೆ ‘ವಿದ್ಯಾರ್ಥಿವೇತನ’ ಎಂಬ ಶಬ್ದವನ್ನು ನಾನು ಬಹಳ ಸಲ ಬಿಡಿಸಿ ನೋಡಿದ್ದೇನೆ. ವಿದ್ಯಾರ್ಥಿ ಎಂದರೆ ವಿದ್ಯೆಯನ್ನು ಬೇಡುವವನು, ವೇತನ ದುಡಿದವನದು. ಗಡಿಯಾಚೆಯ ಮರಾಠಿಯಲ್ಲಿ ಇದಕ್ಕೆ ಶಿಷ್ಯವೃತ್ತಿ ಎನ್ನುತ್ತಾರೆ. ವೃತ್ತಿ ಎಂದರೆ ಉದ್ಯೋಗವೇ ತಾನೆ? ಹಾಗೆ ನೋಡಿದರೆ ಆಯಿ ಹೇಳಿದ್ದು ತೀರ ತಪ್ಪಾಗಿರಲಿಲ್ಲ. ಬಂದ ಹಣ ಪುಸ್ತಕಕ್ಕೆ, ಬಸ್ ಪಾಸಿಗೆ ಎಂದೋ ಕರಗಿಹೋಯಿತು. ಹೆಣ್ಣುಮಗಳ ಓದೂ ಒಂದು ಕೆಲಸ, ಅದನ್ನು ನಡುವೆ ಬಿಡಿಸಬಾರದು ಎಂಬ ತಿಳಿವಳಿಕೆ ಮಾತ್ರ ಮನೆಯಲ್ಲಿ ಉಳಿಯಿತು. ನನ್ನ ತಂಗಿಯನ್ನು ಕಾಲೇಜಿಗೆ ಕಳಿಸುವಾಗ ಯಾರೂ ಯಾರನ್ನೂ ಕೇಳಲಿಲ್ಲ.

ಅಂದು ಬೀಗರಾಗಬೇಕಿದ್ದವರು ಹೋದ ಮೇಲೆ ಆಯಿ ನನ್ನ ಹತ್ತಿರ ಬಂದು ಮೆಲ್ಲಗೆ, “ಓದ ಇನ್ನ. ಮಂದಿ ಮುಂದ ನನ್ನ ಮಾತ ಸುಳ್ಳ ಮಾಡಬ್ಯಾಡ” ಅಂದಳು.

ಅವಳಿಗೆ ನಿಜ ಗೊತ್ತಿತ್ತೇ? ನಾನು ಕೇಳಲಿಲ್ಲ. ಕೆಲವು ತಪ್ಪುಗಳನ್ನು ತಿದ್ದಬಾರದು. ದುಡಿದು ನಿಜ ಮಾಡಬೇಕು.